ಕಾಯಿಲೆ ಬಂದಾಗ ಆಕ್ಯುಪಂಕ್ಚರ್ ಬಿಂದು ಬದಲಾಗುತ್ತದೆಯೇ? ಒತ್ತುನೋವಿನ ಬಗ್ಗೆ ಒಂದು ಚರ್ಚೆ

ಕಾವೇರಿತೀರ

ನನ್ನ ತಾಯಿಯವರಿಗೆ ಬಹಳ ಕಾಲದಿಂದ ಊಟವಾದ ಮೇಲೆ ಹೊಟ್ಟೆ ಉಬ್ಬರಿಸುವ ತೊಂದರೆ ಇದೆ. ನೆಂಟರೊಬ್ಬರ ಮಾತಿನಂತೆ ಅವರನ್ನು ಆಕ್ಯುಪಂಕ್ಚರ್ ಮಾಡುವವರ ಬಳಿ ಕರೆದುಕೊಂಡು ಹೋಗಿದ್ದೆವು. ಅವರು ಸೂಜಿ ತೆಗೆಯುವುದಕ್ಕೆ ಮೊದಲು ಬೆನ್ನಿನ ನಡುಭಾಗವನ್ನೂ, ಹೊಕ್ಕುಳಿನಿಂದ ಮೇಲಿನ ಹೊಟ್ಟೆಯನ್ನೂ, ಮೊಣಕಾಲಿನ ಕೆಳಗಿನ ಒಂದು ಜಾಗವನ್ನೂ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಕಾಲಿನ ಮೇಲೆ ಒತ್ತಿದಾಗ ಅಮ್ಮ ಕಾಲು ಎಳೆದುಕೊಂಡರು. ಅದು ಜಠರಕ್ಕೆ ಸಂಬಂಧಿಸಿದ ಬಿಂದು, ಜಠರ ದುರ್ಬಲವಾದಾಗ ಅಲ್ಲಿ ನೋವು ಕಾಣಿಸಿಕೊಳ್ಳುತ್ತದೆ ಎಂದು ಅವರು ವಿವರಿಸಿದರು. ಮನೆಗೆ ಬಂದು ನನ್ನ ಕಾಲಿನ ಅದೇ ಜಾಗವನ್ನು ಒತ್ತಿಕೊಂಡರೆ ನನಗೂ ನೋವಾಗುತ್ತದೆ, ನನ್ನದೋ ಕಲ್ಲು ತಿಂದರೂ ಕರಗಿಸುವ ಹೊಟ್ಟೆ.

ಆದ್ದರಿಂದ ತಿಳಿದವರನ್ನು ಕೇಳುತ್ತಿದ್ದೇನೆ. ಚೀನೀ ವೈದ್ಯಪದ್ಧತಿಯಲ್ಲಿ ಈ ಬಿಂದುಗಳು ಎಲ್ಲರ ದೇಹದಲ್ಲೂ ಸದಾ ಇರುವ ನಿಶ್ಚಿತ ಸ್ಥಾನಗಳೇ, ಅಥವಾ ರೋಗ ಬಂದಾಗ ಮಾತ್ರ ಎಚ್ಚರಗೊಳ್ಳುವ ಜಾಗಗಳೇ? ಎರಡನೆಯದು ನಿಜವಾದರೆ, ಬಿಂದುವನ್ನು ಒತ್ತಿ ಒಳಗಿನ ಕಾಯಿಲೆಯನ್ನು ಹೇಳಬಹುದು ಎಂಬ ಮಾತನ್ನು ಯಾರಾದರೂ ಸರಿಯಾಗಿ ಪರೀಕ್ಷಿಸಿದ್ದಾರೆಯೇ?

ಹಳೆಯಪುಟ

ಮೊದಲ ಪ್ರಶ್ನೆಗೆ ಚೀನಾದ ಹಳೆಯ ಗ್ರಂಥಗಳಿಂದಲೇ ಉತ್ತರ ಕೊಡಬಹುದು, ಮತ್ತು ಆ ಉತ್ತರ ಬಿಂದುಗಳನ್ನು ಗುರುತಿಸಿದ ಇಂದಿನ ಗೋಡೆಪಟಗಳನ್ನು ನೋಡಿ ಬೆಳೆದವರಿಗೆ ಸ್ವಲ್ಪ ಅನಿರೀಕ್ಷಿತವಾಗಿರುತ್ತದೆ.

1973ರಲ್ಲಿ ಚಾಂಗ್ಶಾ ನಗರದ ಮಾವಾಂಗ್‌ದುಯಿ ಎಂಬಲ್ಲಿ, ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಒಂದು ಸಮಾಧಿಯಿಂದ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕವು. ಅವುಗಳಲ್ಲಿ ದೇಹದ ಮೇಲೆ ಹರಿಯುವ ಹನ್ನೊಂದು ನಾಳಪಥಗಳ ವಿವರಣೆಯಿದೆ, ಪ್ರತಿಯೊಂದು ಪಥಕ್ಕೆ ಸೇರಿದ ರೋಗಲಕ್ಷಣಗಳೂ ಇವೆ, ಆದರೆ ಇಂದು ನಾವು ತಿಳಿದಿರುವ ಹೆಸರುಳ್ಳ ಬಿಂದುಗಳಿಲ್ಲ. ಬಿಂದುಗಳು ವ್ಯವಸ್ಥಿತವಾಗಿ ಕಾಣಿಸಿಕೊಳ್ಳುವುದು ಹಾನ್ ಕಾಲದ ಹುವಾಂಗ್‌ದಿ ನೇಯ್‌ಜಿಂಗ್ ಎಂಬ ಗ್ರಂಥದಲ್ಲಿ, ಅದರಲ್ಲೂ ಸೂಜಿಚಿಕಿತ್ಸೆಗೆ ಮೀಸಲಾದ ಲಿಂಗ್‌ಶು ಎಂಬ ಭಾಗದಲ್ಲಿ. ಅದರ ಮೊದಲ ಅಧ್ಯಾಯವೇ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು: ಒಳಗಿನ ಐದು ಮುಖ್ಯ ಅಂಗಗಳಲ್ಲಿ ರೋಗವಿದ್ದರೆ ಅದು ಹನ್ನೆರಡು ಮೂಲಬಿಂದುಗಳಲ್ಲಿ ಹೊರಗೆ ತೋರುತ್ತದೆ, ಆ ಮೂಲವನ್ನು ತಿಳಿದು ಅಲ್ಲಿಯ ಪ್ರತಿಕ್ರಿಯೆಯನ್ನು ಗಮನಿಸಿದರೆ ಒಳಗಿನ ಕೇಡು ಗೊತ್ತಾಗುತ್ತದೆ ಎಂಬ ಅರ್ಥದ ಮಾತು ಅಲ್ಲಿದೆ. ಈ ಹನ್ನೆರಡರಲ್ಲಿ ಹತ್ತು ಮಣಿಕಟ್ಟು ಮತ್ತು ಪಾದಗಳ ಸುತ್ತ ಇವೆ. ಉಳಿದ ಎರಡು, ಒಂದು ಎದೆಮೂಳೆಯ ತುದಿಯ ಕೆಳಗೆ, ಇನ್ನೊಂದು ಹೊಕ್ಕುಳಿನ ಕೆಳಗೆ.

ಇದಕ್ಕಿಂತಲೂ ಸ್ಪಷ್ಟವಾದ ಮಾತು 51ನೆಯ ಅಧ್ಯಾಯದಲ್ಲಿದೆ. ಬೆನ್ನುಮೂಳೆಯ ಎರಡೂ ಬದಿಗಳಲ್ಲಿ ಒಂದೊಂದು ಅಂಗಕ್ಕೂ ಸೇರಿದ ಬಿಂದು ಎಷ್ಟನೆಯ ಕಶೇರುವಿನ ಪಕ್ಕದಲ್ಲಿದೆ ಎಂದು ಲೆಕ್ಕ ಕೊಟ್ಟ ಮೇಲೆ, ಅದೇ ಸ್ಥಾನವೆಂದು ಖಚಿತಪಡಿಸಿಕೊಳ್ಳಬೇಕಾದರೆ ಅಲ್ಲಿ ಒತ್ತಿ ನೋಡು, ಒಳಗೆ ಪ್ರತಿಸ್ಪಂದನ ಬಂದು ನೋವು ಸಡಿಲಗೊಂಡರೆ ಅದೇ ಬಿಂದು ಎಂದು ಗ್ರಂಥಕಾರ ಹೇಳುತ್ತಾನೆ. ಅಂದರೆ ಲೆಕ್ಕ ಹುಡುಕುವ ಪ್ರದೇಶವನ್ನು ತೋರಿಸುತ್ತದೆ, ಬಿಂದುವನ್ನು ನಿರ್ಧರಿಸುವುದು ಬೆರಳು. ಸ್ನಾಯುಗಳ ನೋವಿನ ಅಧ್ಯಾಯದಲ್ಲಂತೂ ನೋವಿರುವ ಜಾಗವನ್ನೇ ಬಿಂದುವೆಂದು ತೆಗೆದುಕೊಳ್ಳಬೇಕೆಂಬ ಸೂಚನೆ ಮತ್ತೆ ಮತ್ತೆ ಬರುತ್ತದೆ. ಏಳನೆಯ ಶತಮಾನದ ಸುನ್ ಸಿಮಿಯಾವೊ ಎಂಬ ಪ್ರಸಿದ್ಧ ವೈದ್ಯ ಇದನ್ನೇ ಒಂದು ವಿಧಾನವಾಗಿ ದಾಖಲಿಸಿದ: ರೋಗಿಯ ಮೈಯನ್ನು ಒತ್ತುತ್ತಾ ಹೋಗಿ, ಒಳಗಿನ ನೋವಿಗೆ ತಾಗಿದಂತಾದಾಗ ಅಥವಾ ಹಾಯೆನಿಸಿದಾಗ ರೋಗಿ "ಹಾಂ, ಇದೇ" ಎನ್ನುತ್ತಾನೆ, ಅಲ್ಲಿ ಹೆಸರಿನ ಬಿಂದುವಿದೆಯೇ ಇಲ್ಲವೇ ಎಂದು ಕೇಳದೆ ಸೂಜಿ ಹಾಕಬಹುದು ಇಲ್ಲವೇ ಮೂಲಿಕೆ ಉರಿಸಿ ಶಾಖ ಕೊಡಬಹುದು. ಇವುಗಳಿಗೆ ಆ-ಶಿ ಬಿಂದುಗಳೆಂದು ಹೆಸರು.

ಹಾಗಾದರೆ ನಿಶ್ಚಿತ ಸ್ಥಾನಗಳ ಕಲ್ಪನೆ ಎಲ್ಲಿಂದ ಬಂತು? ಅದೂ ಹಳೆಯದೇ. ವರ್ಷದ ದಿನಗಳಿಗೆ ಹೊಂದುವಂತೆ 365 ಬಿಂದುಗಳಿವೆ ಎಂದು ನೇಯ್‌ಜಿಂಗ್ ಹೇಳಿದರೂ ಅದರಲ್ಲಿ ಹೆಸರಿಸಿದವು ಸುಮಾರು 160 ಮಾತ್ರ. ಮೂರನೆಯ ಶತಮಾನದಲ್ಲಿ ಹುವಾಂಗ್‌ಫು ಮಿ ಈ ಸಂಖ್ಯೆಯನ್ನು 349ಕ್ಕೆ ಏರಿಸಿದ. 1027ರಲ್ಲಿ ಸೊಂಗ್ ಅರಮನೆಯ ವೈದ್ಯ ವಾಂಗ್ ವೇಯ್‌ಯಿ ಬಿಂದುಗಳ ಜಾಗದಲ್ಲಿ ರಂಧ್ರಗಳಿರುವ ಕಂಚಿನ ಮನುಷ್ಯಪ್ರತಿಮೆಗಳನ್ನು ಮಾಡಿಸಿದ. ಪ್ರತಿಮೆಗೆ ಮೇಣ ಬಳಿದು ಒಳಗೆ ದ್ರವ ತುಂಬಿ, ವಿದ್ಯಾರ್ಥಿಯ ಸೂಜಿ ಸರಿಯಾದ ಜಾಗಕ್ಕೆ ಹೋದರೆ ದ್ರವ ಹೊರಬರುವಂತೆ ಪರೀಕ್ಷೆ ನಡೆಸುತ್ತಿದ್ದರೆಂಬ ವರ್ಣನೆಯಿದೆ. ಕಲಿಸುವುದಕ್ಕೆ, ಪರೀಕ್ಷೆ ಮಾಡುವುದಕ್ಕೆ ಇಂಥ ನಿಶ್ಚಿತತೆ ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಇಂದು ಒಪ್ಪಿಕೊಂಡಿರುವ 361 ಬಿಂದುಗಳ ಸ್ಥಾನನಿರ್ದೇಶವೂ ಇದೇ ಸಾಲಿಗೆ ಸೇರುತ್ತದೆ. ತೊಂದರೆಯೆಂದರೆ ಕಂಚಿನ ಮನುಷ್ಯನಿಗೆ ಕಾಯಿಲೆ ಬರುವುದಿಲ್ಲ. ನಿಮ್ಮ ತಾಯಿಯವರ ವೈದ್ಯರು ಮಾಡಿದ್ದು ಪ್ರತಿಮೆಗಿಂತ ಹಳೆಯ ಪದ್ಧತಿ.

ಸೂಜಿಮಲ್ಲಿಗೆ

ನಾನು ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ ಓದಿದವಳು. ನಮ್ಮ ಪಠ್ಯದಲ್ಲಿ ಆಕ್ಯುಪಂಕ್ಚರ್ ಒಂದು ವಿಷಯವಾಗಿತ್ತು, ಈಗ ಚಿಕಿತ್ಸೆಯಲ್ಲೂ ಬಳಸುತ್ತೇನೆ. ಹಳೆಯಪುಟದವರು ಗ್ರಂಥಗಳ ಮಾತು ಹೇಳಿದ್ದಾರೆ, ನಾನು ಬೆರಳಿನ ಮಾತನ್ನು ಸೇರಿಸುತ್ತೇನೆ.

ಬಿಂದು ಪ್ರತಿಕ್ರಿಯಿಸುತ್ತದೆ ಎಂದಾಗ ನಾವು ಹುಡುಕುವುದು ಬರೀ ನೋವನ್ನಲ್ಲ. ಚರ್ಮದ ಕೆಳಗೆ ಸಾಸಿವೆಕಾಳಿನಿಂದ ಹುರುಳಿಕಾಳಿನವರೆಗಿನ ಗಂಟು ಸಿಗಬಹುದು, ಸ್ನಾಯುವಿನಲ್ಲಿ ಹುರಿಯಂಥ ಬಿಗಿತ ಸಿಗಬಹುದು, ಸುತ್ತಲಿನದಕ್ಕಿಂತ ಆ ಜಾಗ ತಣ್ಣಗಿರಬಹುದು ಇಲ್ಲವೇ ಬಿಸಿಯಾಗಿರಬಹುದು, ಚರ್ಮದ ಬಣ್ಣ ಬದಲಾಗಿರಬಹುದು, ಕೆಲವೊಮ್ಮೆ ಬೆರಳು ಒಳಕ್ಕೆ ಇಳಿಯುವಷ್ಟು ಆ ಭಾಗ ಸಡಿಲವಾಗಿರುತ್ತದೆ. ಒತ್ತಿದಾಗ ಚುಚ್ಚುವಂಥ ನೋವು, ಗಟ್ಟಿತನ ಇದ್ದರೆ ಅದನ್ನು ಆಧಿಕ್ಯದ ಲಕ್ಷಣವೆಂದೂ, ಒತ್ತಿದಾಗ ಹಾಯೆನಿಸಿ ಜಾಗ ಮೆತ್ತಗಿದ್ದರೆ ಕೊರತೆಯ ಲಕ್ಷಣವೆಂದೂ ಚೀನೀ ಪದ್ಧತಿ ಓದುತ್ತದೆ. ಜಪಾನಿನಲ್ಲಿ ಈ ಸ್ಪರ್ಶಪರೀಕ್ಷೆ ಚೀನಾಕ್ಕಿಂತಲೂ ಸೂಕ್ಷ್ಮವಾಗಿ ಬೆಳೆಯಿತೆಂದು ನನ್ನ ಅಭಿಪ್ರಾಯ. ಹದಿನೇಳನೆಯ ಶತಮಾನದ ಸುಗಿಯಾಮಾ ವಾಯಿಚಿ ಅಂಧರಾಗಿದ್ದರು, ಅವರ ಪರಂಪರೆಯಲ್ಲಿ ಸೂಜಿ ಕಲಿತ ಅನೇಕರೂ ಅಂಧರೇ ಆಗಿದ್ದರು, ಅವರಿಗೆ ಗೋಡೆಪಟದ ನೆರವು ಎಲ್ಲಿಂದ ಬರಬೇಕು?

ಎಲ್ಲ ಬಿಂದುಗಳೂ ಸಮಾನವಾಗಿ ಪ್ರತಿಕ್ರಿಯಿಸುವುದಿಲ್ಲ ಎಂಬುದೂ ಮುಖ್ಯ. ಬೆನ್ನಿನ ಶು ಬಿಂದುಗಳು ಮತ್ತು ಮುಂಭಾಗದ ಮು ಬಿಂದುಗಳು ಒಂದು ಜೋಡಿ. ಜಠರಕ್ಕೆ ಬೆನ್ನಿನಲ್ಲಿ ಹನ್ನೆರಡನೆಯ ಎದೆಕಶೇರುವಿನ ಪಕ್ಕದ ವೇಯ್‌ಶು, ಮುಂದೆ ಹೊಕ್ಕುಳು ಮತ್ತು ಎದೆಮೂಳೆಯ ನಡುಮಧ್ಯದ ಝೊಂಗ್‌ವಾನ್. ತಟ್ಟನೆ ಬಂದ ತೀವ್ರ ನೋವಿಗೆ ಶಿ ಎಂಬ ಇನ್ನೊಂದು ವರ್ಗ, ಅವು ಹೆಚ್ಚಾಗಿ ಮೊಣಕೈ ಮತ್ತು ಮೊಣಕಾಲಿನ ಕೆಳಗೆ ಇವೆ. ಮುಟ್ಟಿನ ನೋವಿನಲ್ಲಿ ಮೀನಖಂಡದ ಒಳಬದಿಯ ದೀಜಿ ಎಂಬ ಶಿ ಬಿಂದುವನ್ನು ಒತ್ತಿ ನೋಡುವುದು ಚಿಕಿತ್ಸಕರಲ್ಲಿ ಬಹಳ ರೂಢಿಯಲ್ಲಿದೆ.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಚೀನಾದ ವೈದ್ಯರು ಕೇವಲ ಒತ್ತುನೋವಿನ ಆಧಾರದ ಮೇಲೆಯೇ ಹೊಸ ಬಿಂದುಗಳನ್ನು ಪಟ್ಟಿಗೆ ಸೇರಿಸಿದರು. ಅಪೆಂಡಿಕ್ಸ್ ಉರಿಯೂತದಲ್ಲಿ, ಮೊಣಕಾಲಿನ ಕೆಳಗಿರುವ ಬಿಂದುವಾದ ಝುಸಾನ್‌ಲಿಯಿಂದ ಸುಮಾರು ಎರಡು ಹೆಬ್ಬೆರಳಗಲದಷ್ಟು ಕೆಳಗೆ, ಅದರಲ್ಲೂ ಬಲಗಾಲಿನಲ್ಲಿ, ನೋವು ಸಿಗುತ್ತದೆಂದು ಲಾನ್‌ವೇಯ್ ಎಂಬ ಬಿಂದು ಬಂತು. ಪಿತ್ತಕೋಶದ ಉರಿಯೂತದಲ್ಲಿ ಕಾಲಿನ ಹೊರಬದಿಯ ಯಾಂಗ್‌ಲಿಂಗ್‌ಚುವಾನ್ ಬಿಂದುವಿನ ಸ್ವಲ್ಪ ಕೆಳಗೆ ದಾನ್‌ನಾಂಗ್ ಎಂಬ ಬಿಂದು ಬಂತು. ಇವೆರಡೂ ಹದಿನಾಲ್ಕು ಪಥಗಳ 361ರಲ್ಲಿ ಸೇರಿಲ್ಲ, ಹೊರಗಿನ ಬಿಂದುಗಳೆಂದು ಪ್ರತ್ಯೇಕವಾಗಿವೆ, ಆದರೂ ಎಲ್ಲ ಪಠ್ಯಪುಸ್ತಕಗಳಲ್ಲೂ ಇವೆ.

ಇನ್ನು ನಿಮ್ಮ ಕಾಲಿನ ವಿಷಯ. ನಿಮ್ಮ ತಾಯಿಯವರ ಮೊಣಕಾಲಿನ ಕೆಳಗೆ ಒತ್ತಿದ ಜಾಗ ಬಹುಶಃ ಝುಸಾನ್‌ಲಿ. ಅದು ಮೊಣಕಾಲಿನ ಹೊರಗಿನ ಕುಳಿಯಿಂದ ನಾಲ್ಕು ಬೆರಳಗಲ ಕೆಳಗೆ, ಕಣಕಾಲಿನ ಮೂಳೆಯ ಏಣಿನಿಂದ ಒಂದು ಬೆರಳಗಲ ಹೊರಗೆ ಇದೆ. ಆ ಸ್ನಾಯುವನ್ನು ಜೋರಾಗಿ ಒತ್ತಿದರೆ ಆರೋಗ್ಯವಂತರಿಗೂ, ವಿಶೇಷವಾಗಿ ಹೆಚ್ಚು ನಡೆದವರಿಗೂ ಮೆಟ್ಟಿಲು ಹತ್ತಿದವರಿಗೂ, ನೋವಾಗುತ್ತದೆ. ಆದ್ದರಿಂದಲೇ ಒಂದೇ ಬಿಂದುವನ್ನು ಒತ್ತಿ ತೀರ್ಮಾನಕ್ಕೆ ಬರುವುದು ಒಳ್ಳೆಯ ಪದ್ಧತಿಯಲ್ಲ. ಎಡ ಬಲ ಹೋಲಿಸಬೇಕು, ಬಿಂದುವಿನ ಆಚೀಚೆ ಅದೇ ಒತ್ತಡದಿಂದ ನೋಡಬೇಕು, ಬೆನ್ನಿನ ಮತ್ತು ಹೊಟ್ಟೆಯ ಜೋಡಿಬಿಂದುಗಳೂ ಅದೇ ಮಾತು ಹೇಳುತ್ತವೆಯೇ ಎಂದು ನೋಡಬೇಕು.

ಗರಿಕೆ

ಇದೆಲ್ಲ ನಮ್ಮ ಸುಶ್ರುತ ಹೇಳಿದ 107 ಮರ್ಮಗಳೇ ಅಲ್ಲವೇ? ಅಲ್ಲಿಂದಲೇ ಚೀನಾಕ್ಕೆ ಹೋಯಿತೆಂದು ಅನೇಕರು ಹೇಳುತ್ತಾರೆ.

ಹಳೆಯಪುಟ

ಗರಿಕೆಯವರೇ, ಸುಶ್ರುತಸಂಹಿತೆಯ ಶಾರೀರಸ್ಥಾನ ಮರ್ಮಗಳನ್ನು ವರ್ಗೀಕರಿಸುವುದು ಪೆಟ್ಟು ಬಿದ್ದರೆ ಏನಾಗುತ್ತದೆ ಎಂಬುದರ ಮೇಲೆ: ತಕ್ಷಣ ಪ್ರಾಣ ಹೋಗುವವು, ಕೆಲಕಾಲದ ನಂತರ ಹೋಗುವವು, ಅಂಗವಿಕಲತೆ ತರುವವು, ನೋವು ಉಳಿಸುವವು, ಹೀಗೆ. ಶಸ್ತ್ರವೈದ್ಯ ಅವುಗಳನ್ನು ತಪ್ಪಿಸಿ ಕತ್ತರಿಸಬೇಕು. ಸೂಜಿ ಹಾಕುವ ಜಾಗವೂ, ಚಾಕು ತಾಗಬಾರದ ಜಾಗವೂ ಒಂದೇ ಎನ್ನುವುದಕ್ಕೆ ಗ್ರಂಥಾಧಾರ ಬೇಕಾಗುತ್ತದೆ. ಒಳಗಿನ ರೋಗ ಮರ್ಮದಲ್ಲಿ ಒತ್ತುನೋವಾಗಿ ತೋರುತ್ತದೆಂಬ ಸಿದ್ಧಾಂತವನ್ನು ನಾನು ಆ ಅಧ್ಯಾಯದಲ್ಲಿ ಕಂಡಿಲ್ಲ. ಚೀನಾದ ಆಕ್ಯುಪಂಕ್ಚರ್ ಭಾರತಕ್ಕೆ ಬಂದ ದಾರಿಯಂತೂ ಇತ್ತೀಚಿನದು. 1938ರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೊಟ್ನಿಸರೊಂದಿಗೆ ಚೀನಾಕ್ಕೆ ಹೋದ ವೈದ್ಯತಂಡದಲ್ಲಿದ್ದ ಬಿಜಯ್ ಕುಮಾರ್ ಬಸು ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಅಲ್ಲಿಗೆ ಹೋಗಿ ಕಲಿತು ಬಂದು ಕಲ್ಕತ್ತೆಯಲ್ಲಿ ಆರಂಭಿಸಿದರು. ಈ ವಿಷಯ ಬೇರೆ ಚರ್ಚೆಗೆ ಯೋಗ್ಯವಾದುದು, ಇಲ್ಲಿ ಬೆಳೆಸುವುದು ಬೇಡ.

ನರತಂತು

ನಾನು ಶರೀರಕ್ರಿಯಾಶಾಸ್ತ್ರ ಕಲಿಸುತ್ತೇನೆ. ಒಳಗಿನ ಅಂಗಕ್ಕೆ ತೊಂದರೆಯಾದಾಗ ಹೊರಗಿನ ಚರ್ಮ ಮತ್ತು ಸ್ನಾಯು ಸೂಕ್ಷ್ಮವಾಗುತ್ತವೆ ಎಂಬುದು ಚೀನಾಕ್ಕೆ ಮಾತ್ರ ಸೇರಿದ ಜ್ಞಾನವಲ್ಲ. 1893ರಲ್ಲಿ ಲಂಡನ್ನಿನ ಹೆನ್ರಿ ಹೆಡ್ ಒಳಾಂಗಗಳ ರೋಗಗಳಲ್ಲಿ ಚರ್ಮದ ಯಾವ ಯಾವ ಪಟ್ಟಿಗಳು ಅತಿಸೂಕ್ಷ್ಮವಾಗುತ್ತವೆಂದು ಗುರುತಿಸಿ ಪ್ರಕಟಿಸಿದರು. ಅವುಗಳನ್ನು ಇಂದಿಗೂ ಹೆಡ್ ವಲಯಗಳೆಂದೇ ಕರೆಯುತ್ತೇವೆ. ಕಾರಣವೂ ಬಹುಮಟ್ಟಿಗೆ ಗೊತ್ತಿದೆ. ಒಳಾಂಗದಿಂದ ಬರುವ ನೋವಿನ ನರತಂತುಗಳೂ ಚರ್ಮದಿಂದ ಬರುವ ತಂತುಗಳೂ ಬೆನ್ನುಹುರಿಯ ಒಂದೇ ಮಟ್ಟದಲ್ಲಿ ಒಂದೇ ನರಕೋಶಗಳ ಮೇಲೆ ಬಂದು ಸೇರುತ್ತವೆ. ಒಳಗಿನಿಂದ ಸತತವಾಗಿ ಸಂಕೇತ ಬರುತ್ತಿದ್ದರೆ ಆ ನರಕೋಶಗಳು ಉದ್ರೇಕಗೊಂಡು, ಚರ್ಮದಿಂದ ಬರುವ ಸಾಧಾರಣ ಒತ್ತಡವೂ ನೋವೆಂದು ಅನುಭವಕ್ಕೆ ಬರುತ್ತದೆ. ಅದೇ ಮಟ್ಟದ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಸೂಜಿಮಲ್ಲಿಗೆಯವರು ಹೇಳಿದ ಹುರಿಯಂಥ ಬಿಗಿತಕ್ಕೆ ಇಷ್ಟು ವಿವರಣೆ ಸಾಕಾಗಬಹುದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದ ಪ್ರಯೋಗವೂ ಇದೆ. 2017ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಇಲಿಗಳಲ್ಲಿ ರಕ್ತದೊತ್ತಡವನ್ನೂ ಕರುಳಿನ ಉರಿಯೂತವನ್ನೂ ಉಂಟುಮಾಡಿ, ರಕ್ತಕ್ಕೆ ಇವಾನ್ಸ್ ಬ್ಲೂ ಎಂಬ ಬಣ್ಣ ಸೇರಿಸಿದರು. ಆರೋಗ್ಯವಾದ ಚರ್ಮದಲ್ಲಿ ಈ ಬಣ್ಣ ರಕ್ತನಾಳದ ಒಳಗೇ ಉಳಿಯುತ್ತದೆ. ನರಗಳ ತುದಿಗಳಿಂದ ಸಬ್‌ಸ್ಟೆನ್ಸ್ ಪಿ ಮುಂತಾದ ರಾಸಾಯನಿಕಗಳು ಬಿಡುಗಡೆಯಾಗಿ ನಾಳಗಳು ಸೋರುವಂತಾದರೆ ಮಾತ್ರ ಚರ್ಮಕ್ಕೆ ಬರುತ್ತದೆ. ರೋಗಗ್ರಸ್ತ ಇಲಿಗಳ ಚರ್ಮದಲ್ಲಿ ಸಣ್ಣ ಸಣ್ಣ ನೀಲಿ ಚುಕ್ಕೆಗಳು ಮೂಡಿದವು, ಅವುಗಳಲ್ಲಿ ಹಲವು ಆಕ್ಯುಪಂಕ್ಚರ್ ಬಿಂದುಗಳಿಗೆ ಸರಿಹೊಂದುವ ಜಾಗಗಳಲ್ಲಿದ್ದವು. ರಕ್ತದೊತ್ತಡದ ಇಲಿಗಳಲ್ಲಿ ಮುಂಗಾಲಿನ ಮಣಿಕಟ್ಟಿನ ಬಳಿಯ ಚುಕ್ಕೆಗಳನ್ನು ಪ್ರಚೋದಿಸಿದಾಗ ಒತ್ತಡ ಇಳಿಯಿತು. ಇದನ್ನು ಓದಿದಾಗ ಲಿಂಗ್‌ಶುವಿನ ಮೊದಲ ಅಧ್ಯಾಯದ ಮಾತು ನೆನಪಾಗದೆ ಇರುವುದಿಲ್ಲ. ಆದರೂ ಇವು ಇಲಿಗಳು, ರೋಗವೂ ಪ್ರಯೋಗಾಲಯದಲ್ಲಿ ಹುಟ್ಟಿಸಿದ್ದು.

ಈಗ ಈ ವಿವರಣೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ನೋಡೋಣ, ಏಕೆಂದರೆ ಇಡೀ ಚರ್ಚೆಯ ತಿರುಳು ಅಲ್ಲೇ ಇದೆ. ಹೃದಯದ ಶಿನ್‌ಶು ಬಿಂದು ಐದನೆಯ ಎದೆಕಶೇರುವಿನ ಪಕ್ಕದಲ್ಲಿದೆ, ಹೃದಯದ ನರಗಳು ಬೆನ್ನುಹುರಿಯ ಮೇಲಿನ ನಾಲ್ಕೈದು ಎದೆಮಟ್ಟಗಳಿಂದ ಬರುತ್ತವೆ, ಆದ್ದರಿಂದ ಹೊಂದಾಣಿಕೆ ಚೆನ್ನಾಗಿದೆ. ಹೃದಯದ ಪಥ ಕೈಯ ಒಳಬದಿಯಲ್ಲಿ ಕಿರುಬೆರಳಿನವರೆಗೆ ಹೋಗುತ್ತದೆ, ಆ ಪಥದ ರೋಗದಲ್ಲಿ ತೋಳಿನ ಒಳಹಿಂಬದಿ ನೋಯುತ್ತದೆಂದು ಲಿಂಗ್‌ಶು ಹೇಳುತ್ತದೆ. ಎದೆನೋವಿನ ರೋಗಿ ಎಡಗೈಯ ಒಳಬದಿ ತೋರಿಸುವುದನ್ನು ಕಂಡ ಯಾವ ವೈದ್ಯನಿಗೂ ಇದು ಆಶ್ಚರ್ಯವಲ್ಲ. ಜಠರಕ್ಕೆ ಬಂದರೆ ಹೊಂದಾಣಿಕೆ ಸಡಿಲವಾಗುತ್ತದೆ: ಜಠರದ ನರಗಳು ಆರರಿಂದ ಒಂಬತ್ತನೆಯ ಎದೆಮಟ್ಟದ್ದು, ವೇಯ್‌ಶು ಹನ್ನೆರಡನೆಯದರ ಪಕ್ಕದಲ್ಲಿದೆ. ಝುಸಾನ್‌ಲಿ, ಲಾನ್‌ವೇಯ್, ದಾನ್‌ನಾಂಗ್ ಬಿಂದುಗಳಿಗೆ ಬಂದರೆ ಈ ವಿವರಣೆ ಪೂರ್ತಿಯಾಗಿ ಕೈಕೊಡುತ್ತದೆ. ಮೊಣಕಾಲಿನ ಕೆಳಗಿನ ಆ ಭಾಗದ ನರಗಳು ಸೊಂಟದ ಕೆಳಮಟ್ಟಗಳಿಂದ ಬರುತ್ತವೆ. ಅಪೆಂಡಿಕ್ಸಿನ ನೋವು ಸೇರುವುದು ಹತ್ತನೆಯ ಎದೆಮಟ್ಟದ ಆಸುಪಾಸಿಗೆ. ಅಪೆಂಡಿಕ್ಸ್ ಊದಿಕೊಂಡಾಗ ಕಾಲು ಏಕೆ ನೋಯಬೇಕೆಂಬುದಕ್ಕೆ ಪಠ್ಯಪುಸ್ತಕದ ನರಶಾಸ್ತ್ರ ಉತ್ತರಿಸುವುದಿಲ್ಲ.

ಹಾಗಾಗಿ ಮುಂಡದ ಮೇಲಿನ ಬಿಂದುಗಳು ರೋಗಕ್ಕೆ ಪ್ರತಿಕ್ರಿಯಿಸುತ್ತವೆಂದರೆ ನಾನು ಸುಲಭವಾಗಿ ಒಪ್ಪುತ್ತೇನೆ. ಅದು ಹೆಡ್ ಕಂಡದ್ದೇ, ಚೀನೀಯರು ಬಹಳ ಮೊದಲೇ ಬೆರಳಿನಿಂದ ಕಂಡುಕೊಂಡದ್ದೇ. ಚೀನೀ ಸಿದ್ಧಾಂತಕ್ಕೆ ಮಾತ್ರ ಸೇರಿದ, ಬೇರೆ ಯಾರೂ ಹೇಳದ ಭಾಗವೆಂದರೆ ಕಾಲಿನ ಬಿಂದುಗಳು. ಅಲ್ಲಿಗೇ ಪುರಾವೆ ಹೆಚ್ಚು ಬೇಕು.

ಅನುಮಾನಿ

ನರತಂತು ಅವರ ಕೊನೆಯ ಮಾತನ್ನು ಹಿಡಿದು ಮುಂದುವರಿಸುತ್ತೇನೆ. ಪುರಾವೆ ಹೆಚ್ಚು ಬೇಕಾದ ಕಡೆಯೇ ಅದು ಅತ್ಯಂತ ತೆಳುವಾಗಿದೆ.

ಒತ್ತುನೋವಿನ ಬಿಂದುಗಳಿಗೂ ಆಕ್ಯುಪಂಕ್ಚರ್ ಬಿಂದುಗಳಿಗೂ ಶೇಕಡಾ 71ರಷ್ಟು ಹೊಂದಾಣಿಕೆಯಿದೆ ಎಂಬ ಅಂಕಿ ಎಲ್ಲ ಕಡೆ ಓಡಾಡುತ್ತದೆ. ಅದು 1977ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ನೋವಿನ ಸಂಕೇತಕ್ಕೆ ಬೆನ್ನುಹುರಿಯಲ್ಲೇ ಬಾಗಿಲು ಹಾಕಬಹುದೆಂಬ ಗೇಟ್ ಸಿದ್ಧಾಂತದ ಆ ಮೆಲ್ಝಾಕ್ ಅವರೇ. ಸ್ಟೀಫನ್ ಬರ್ಚ್ 2003ರಲ್ಲಿ ಅದೇ ಹೋಲಿಕೆಯನ್ನು ಮರುಪರಿಶೀಲಿಸಿ, ಹೆಚ್ಚೆಂದರೆ ಶೇಕಡಾ 40, ವಾಸ್ತವದಲ್ಲಿ ಇನ್ನೂ ತೀರ ಕಡಿಮೆ, ಸುಮಾರು ಶೇಕಡಾ 18 ಅಥವಾ 19 ಇರಬಹುದೆಂದು ತೋರಿಸಿದರು. ಗಮನಿಸಿ, ಬರ್ಚ್ ಆಕ್ಯುಪಂಕ್ಚರ್‌ನ ವಿರೋಧಿಯಲ್ಲ, ಸ್ವತಃ ಆ ಕ್ಷೇತ್ರದವರು. ಸ್ನಾಯುವಿನ ನೋವುಬಿಂದುಗಳನ್ನು ಹೆಸರುಳ್ಳ 361ರೊಂದಿಗೆ ಹೋಲಿಸುವುದೇ ಸರಿಯಲ್ಲ, ಹೋಲಿಸುವುದಾದರೆ ಆ-ಶಿ ಬಿಂದುಗಳೊಂದಿಗೆ ಹೋಲಿಸಬೇಕು ಎಂಬುದು ಅವರ ವಾದ. ಹಳೆಯಪುಟದವರು ಗ್ರಂಥದಿಂದ ಹೇಳಿದ್ದಕ್ಕೆ ಇದು ಸರಿಯಾಗಿ ಕೂಡುತ್ತದೆ. ಆದರೆ ಎಲ್ಲಿ ನೋಯುತ್ತದೆಯೋ ಅದೇ ಬಿಂದು ಎಂದಾದ ಮೇಲೆ ಬಿಂದುವಿನ ಸಿದ್ಧಾಂತ ತಪ್ಪಾಗುವ ಸಂದರ್ಭವೇ ಇರುವುದಿಲ್ಲ ಎಂಬುದನ್ನೂ ಒಪ್ಪಬೇಕು.

ಬಿಂದುಗಳಲ್ಲಿ ಚರ್ಮದ ವಿದ್ಯುತ್ ಪ್ರತಿರೋಧ ಕಡಿಮೆಯಿರುತ್ತದೆ, ರೋಗದಲ್ಲಿ ಅದು ಇನ್ನೂ ಬದಲಾಗುತ್ತದೆ ಎಂಬ ಮಾತನ್ನು 1950ರ ದಶಕದಿಂದ ಜಪಾನಿನಲ್ಲಿ, ಜರ್ಮನಿಯಲ್ಲಿ ಯಂತ್ರಗಳ ಸಹಿತ ಹೇಳಲಾಗಿದೆ. 2008ರಲ್ಲಿ ಎಲ್ಲ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ನಿಶ್ಚಿತ ತೀರ್ಮಾನಕ್ಕೆ ಬರಲಾಗಲಿಲ್ಲ. ಬೆವರು, ಒತ್ತಡ, ವಿದ್ಯುದ್ವಾರದ ಗಾತ್ರ ಇವೇ ಫಲಿತಾಂಶವನ್ನು ಬದಲಿಸುತ್ತವೆ. ಅಂಥ ಯಂತ್ರ ಹಿಡಿದು ಯಕೃತ್ತು, ಮೂತ್ರಪಿಂಡಗಳ ಸ್ಥಿತಿ ಹೇಳುವವರು ನಮ್ಮ ಊರುಗಳ ಆರೋಗ್ಯ ಶಿಬಿರಗಳಲ್ಲೂ ಸಿಗುತ್ತಾರೆ. ಅವರಿಂದ ದೂರವಿರಿ.

ಚಿಕಿತ್ಸೆಯ ಕಡೆ ನೋಡಿದರೆ, 2007ರಲ್ಲಿ ಪ್ರಕಟವಾದ ಜರ್ಮನಿಯ ದೊಡ್ಡ ಪ್ರಯೋಗದಲ್ಲಿ ಸೊಂಟನೋವಿನ 1162 ರೋಗಿಗಳಿದ್ದರು. ಪರಂಪರೆಯ ಬಿಂದುಗಳಲ್ಲಿ ಸೂಜಿ ಹಾಕಿಸಿಕೊಂಡವರಲ್ಲಿ ಶೇಕಡಾ 47.6, ಬಿಂದುವಲ್ಲದ ಕಡೆ ತೆಳುವಾಗಿ ಚುಚ್ಚಿಸಿಕೊಂಡವರಲ್ಲಿ ಶೇಕಡಾ 44.2, ರೂಢಿಯ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 27.4 ಜನರಿಗೆ ಗುಣ ಕಂಡಿತು. ಜಾಗ ಇಷ್ಟು ಕಡಿಮೆ ವ್ಯತ್ಯಾಸ ಮಾಡುವುದಾದರೆ, ಬಿಂದು ರೋಗಕ್ಕೆ ಪ್ರತಿಕ್ರಿಯಿಸುತ್ತದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಎಷ್ಟು ಮಹತ್ವ ಉಳಿಯುತ್ತದೆ?

ಸೂಜಿಮಲ್ಲಿಗೆ

ಅನುಮಾನಿಯವರೇ, ಜರ್ಮನಿಯ ಆ ಅಂಕಿಗಳನ್ನು ನಾನು ನಿರಾಕರಿಸುವುದಿಲ್ಲ. ಆದರೆ ಅಲ್ಲಿ ಕೇಳಿದ ಪ್ರಶ್ನೆ, ಪರಂಪರೆಯ ಬಿಂದುವಿಗೆ ಚುಚ್ಚಿದರೆ ಬೇರೆಡೆ ಚುಚ್ಚಿದ್ದಕ್ಕಿಂತ ಹೆಚ್ಚು ಗುಣವೇ ಎಂಬುದು. ರೋಗದಲ್ಲಿ ಎಚ್ಚೆತ್ತ ಬಿಂದುವಿಗೂ ಎಚ್ಚರವಾಗದ ಬಿಂದುವಿಗೂ ವ್ಯತ್ಯಾಸವಿದೆಯೇ ಎಂದು ಆ ಪ್ರಯೋಗ ಕೇಳಲಿಲ್ಲ. ಇವೆರಡನ್ನು ಬೆರೆಸಬಾರದು. ಚೀನಾದಲ್ಲಿ ಈಗ ಬಿಂದುಸಂವೇದನೆ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಸಂಶೋಧನೆಯೆಲ್ಲ ಈ ಎರಡನೆಯ ಪ್ರಶ್ನೆಯ ಸುತ್ತ ಇದೆ. ಜಿಯಾಂಗ್ಶಿ ಪ್ರಾಂತ್ಯದ ನಾನ್‌ಚಾಂಗ್‌ನಲ್ಲಿ ಚೆನ್ ರಿಶಿನ್ ಅವರ ತಂಡ, ನಮ್ಮ ಮಾಚಿಪತ್ರೆಯ ಜಾತಿಗೇ ಸೇರಿದ ಗಿಡದ ಒಣ ಎಲೆಯ ಬತ್ತಿಯನ್ನು ಉರಿಸಿ ಚರ್ಮದ ಹತ್ತಿರ ಹಿಡಿದು, ಎಲ್ಲಿ ಶಾಖ ಮೇಲ್ಮೈಯಲ್ಲಿ ನಿಲ್ಲದೆ ಒಳಕ್ಕೆ ಇಳಿಯುವಂತೆ ಅಥವಾ ದೂರಕ್ಕೆ ಹರಿಯುವಂತೆ ರೋಗಿಗೆ ಅನಿಸುತ್ತದೆಯೋ ಆ ಜಾಗವನ್ನೇ ಚಿಕಿತ್ಸೆಗೆ ಆರಿಸುತ್ತದೆ. ಆ ಜಾಗ ಗೋಡೆಪಟದ ಬಿಂದುವಿನಿಂದ ಸರಿದಿರುವುದು ಸಾಮಾನ್ಯ, ಮತ್ತು ಚಿಕಿತ್ಸೆ ಮುಂದುವರಿದಂತೆ ಆ ಸಂವೇದನೆ ಕಡಿಮೆಯಾಗುತ್ತದೆ ಎಂದು ಅವರ ಹೇಳಿಕೆ.

ಜಾಗಕ್ಕೆ ಬೆಲೆಯೇ ಇಲ್ಲ ಎನ್ನುವುದಕ್ಕೂ ವಿರುದ್ಧ ಉದಾಹರಣೆ ಇದೆ. 2019ರಲ್ಲಿ ಅಮೆರಿಕದ ಪ್ರಮುಖ ವೈದ್ಯಪತ್ರಿಕೆಯೊಂದರಲ್ಲಿ ಬಂದ ಚೀನಾದ ಪ್ರಯೋಗದಲ್ಲಿ, ಸ್ಥಿರವಾದ ಆಂಜೈನಾ, ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು, ಇರುವ 404 ರೋಗಿಗಳನ್ನು ನಾಲ್ಕು ಗುಂಪು ಮಾಡಿ, ಒಂದು ಗುಂಪಿಗೆ ಹೃದಯಕ್ಕೆ ಸಂಬಂಧಿಸಿದ ಪಥಗಳ ಬಿಂದುಗಳಲ್ಲಿ, ಇನ್ನೊಂದಕ್ಕೆ ಬೇರೆ ಪಥದ ಬಿಂದುಗಳಲ್ಲಿ, ಮತ್ತೊಂದಕ್ಕೆ ಬಿಂದುವಲ್ಲದ ಕಡೆ ಸೂಜಿ ಹಾಕಿದರು, ಉಳಿದವರನ್ನು ಕಾಯುವ ಪಟ್ಟಿಯಲ್ಲಿಟ್ಟರು. ಎಲ್ಲರಿಗೂ ರೂಢಿಯ ಔಷಧ ಮುಂದುವರಿದಿತ್ತು. ಎದೆನೋವು ಬರುವ ಸಂಖ್ಯೆ ಮೊದಲ ಗುಂಪಿನಲ್ಲೇ ಹೆಚ್ಚು ಇಳಿಯಿತು.

ನರತಂತು

ಆ ಆಂಜೈನಾ ಪ್ರಯೋಗ ನನಗೂ ಮುಖ್ಯವೆನಿಸಿತು, ಆದರೆ ಆ ಬಿಂದುಗಳು ಮುಂಗೈಯ ಒಳಬದಿಯಲ್ಲಿವೆ, ಹೃದಯ ಹಂಚಿಕೊಳ್ಳುವ ನರಮಟ್ಟಗಳಿಗೆ ಹತ್ತಿರದಲ್ಲಿವೆ. ಆದ್ದರಿಂದ ಅದು ಪಥದ ಸಿದ್ಧಾಂತಕ್ಕೂ ಸಾಕ್ಷಿಯಾಗಬಹುದು, ನರಮಟ್ಟದ ಸಿದ್ಧಾಂತಕ್ಕೂ ಆಗಬಹುದು. ಎರಡನ್ನೂ ಬೇರ್ಪಡಿಸುವ ಶಕ್ತಿ ಅದಕ್ಕಿಲ್ಲ.

ಕಾವೇರಿತೀರ

ಎಲ್ಲರಿಗೂ ಧನ್ಯವಾದಗಳು. ಹಾಗಿದ್ದರೆ ಅಮ್ಮನ ಕಾಲಿನ ನೋವಿಗೆ ನಾನು ಯಾವ ಅರ್ಥ ಕೊಡಬೇಕು? ವೈದ್ಯರು ಎಂಡೋಸ್ಕೋಪಿ ಮಾಡಿಸೋಣ ಎಂದಿದ್ದರು, ಅಮ್ಮ ಬಿಂದುವಿನಲ್ಲೇ ಕಾಯಿಲೆ ಗೊತ್ತಾಯಿತಲ್ಲ ಎಂದು ಮುಂದೂಡುತ್ತಿದ್ದಾರೆ.

ಸೂಜಿಮಲ್ಲಿಗೆ

ಮುಂದೂಡಬೇಡಿ. ಜಠರದ ಬಿಂದು ಎಂದು ಆ ವೈದ್ಯರು ಹೇಳಿದ್ದು ಚೀನೀ ಪದ್ಧತಿಯ ಜಠರವನ್ನು. ಅದು ಜೀರ್ಣಿಸುವ ಒಟ್ಟು ಶಕ್ತಿಯ ಕಲ್ಪನೆ. ಅಲ್ಲಿ ನೋವು ಸಿಕ್ಕಿತೆಂದರೆ ಹುಣ್ಣು ಇದೆಯೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ತೂಕ ಇಳಿಯುವುದು, ಕಪ್ಪು ಮಲ, ನುಂಗಲು ಕಷ್ಟ, ರಕ್ತಹೀನತೆ, ಪದೇ ಪದೇ ವಾಂತಿ ಇವುಗಳಲ್ಲಿ ಒಂದಿದ್ದರೂ ಎಂಡೋಸ್ಕೋಪಿ ಬೇಗ ಆಗಬೇಕು. ವಯಸ್ಸಾದವರಲ್ಲಿ ಇವು ಇಲ್ಲದಿದ್ದರೂ ವೈದ್ಯರು ಹೇಳಿದರೆ ಮಾಡಿಸುವುದೇ ಸರಿ. ಲಾನ್‌ವೇಯ್ ಬಿಂದು ನೋಯುತ್ತಿಲ್ಲವೆಂದು ಅಪೆಂಡಿಕ್ಸ್ ಇರಲಾರದು ಎಂದು ಕೂರುವುದು ಪ್ರಾಣಕ್ಕೆ ಕುತ್ತು. ಸೂಜಿ ಬೇಕೆನಿಸಿದರೆ ತಪಾಸಣೆಯ ನಂತರವೂ ಹಾಕಿಸಬಹುದು.

ಅನುಮಾನಿ

ಸೂಜಿಮಲ್ಲಿಗೆಯವರ ಈ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಒಂದು ಪ್ರಶ್ನೆ ಉಳಿದಿದೆ. ಬಿಂದುವನ್ನು ಮುಟ್ಟಿ ರೋಗ ಹೇಳುವುದನ್ನು, ಹೇಳುವವರಿಗೆ ರೋಗಿಯ ಕಥೆ ಗೊತ್ತಿಲ್ಲದಂತೆ ಪರೀಕ್ಷಿಸಿದ್ದು ಎಲ್ಲಾದರೂ ಇದೆಯೇ?

ನರತಂತು

ಕಿವಿಯ ವಿಷಯದಲ್ಲಿ ಇದೆ. ಫ್ರಾನ್ಸಿನ ಲಿಯೋನ್ ನಗರದ ಪಾಲ್ ನೋಜಿಯೆ 1957ರಲ್ಲಿ ಪ್ರಕಟಿಸಿದ, ಕಿವಿಯ ಒಂದೊಂದು ಜಾಗ ದೇಹದ ಒಂದೊಂದು ಭಾಗಕ್ಕೆ ಸಂಬಂಧಿಸಿದೆ ಎನ್ನುವ ಕಿವಿನಕ್ಷೆಯನ್ನು ಆಧಾರವಾಗಿಟ್ಟುಕೊಂಡು, 1980ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟೆರ‍್ರಿ ಓಲ್ಸನ್ ಮತ್ತು ಸಂಗಡಿಗರು ಮೂಳೆ ಸ್ನಾಯುಗಳ ನೋವಿರುವ 40 ರೋಗಿಗಳನ್ನು ಬಟ್ಟೆ ಹೊದಿಸಿ ಮಲಗಿಸಿ, ಪರೀಕ್ಷಕರಿಗೆ ಕಿವಿ ಮಾತ್ರ ಸಿಗುವಂತೆ ಮಾಡಿದರು. ಕಿವಿಯ ಒತ್ತುನೋವು ಮತ್ತು ವಿದ್ಯುತ್ ವಾಹಕತೆಯಿಂದ ಹೇಳಿದ್ದಕ್ಕೂ ನಿಜವಾದ ನೋವಿನ ಜಾಗಕ್ಕೂ ಶೇಕಡಾ 75.2 ಹೊಂದಾಣಿಕೆ ಬಂತು. ಆದರೆ ಅದು ಸ್ನಾಯು ಮೂಳೆಗಳ ನೋವು, ಒಳಾಂಗದ ರೋಗವಲ್ಲ. ಮತ್ತು 40 ಜನ ಬಹಳ ಕಡಿಮೆ.

ಕಾಲಿನ ಬಿಂದುಗಳಿಗೂ ಇದೇ ಕ್ರಮವನ್ನು ಅನ್ವಯಿಸಬಹುದು. ಪಿತ್ತಕೋಶ ಇದಕ್ಕೆ ಸುಲಭ, ಏಕೆಂದರೆ ಅಲ್ಟ್ರಾಸೌಂಡ್ ಬಹುಮಟ್ಟಿಗೆ ಸ್ಪಷ್ಟವಾಗಿ ಹೇಳುತ್ತದೆ. ಹೊಟ್ಟೆನೋವೆಂದು ಆಸ್ಪತ್ರೆಗೆ ಬಂದವರೆಲ್ಲರ ಎರಡೂ ಕಾಲುಗಳಲ್ಲಿ ದಾನ್‌ನಾಂಗ್ ಬಿಂದುವನ್ನೂ, ಅದರಿಂದ ಮೂರು ಬೆರಳಗಲ ಆಚೆಯ ಒಂದು ಜಾಗವನ್ನೂ, ಒತ್ತಡ ಅಳೆಯುವ ಸಾಧನದಿಂದ, ಸ್ಕ್ಯಾನಿನ ಫಲಿತಾಂಶ ಗೊತ್ತಿಲ್ಲದವರೊಬ್ಬರು ಅಳೆಯಬೇಕು. ನೋವಿನ ಮಿತಿ ಬಲಗಾಲಿನ ಬಿಂದುವಿನಲ್ಲಿ ಮಾತ್ರ, ಅದೂ ಪಿತ್ತಕೋಶ ಊದಿದವರಲ್ಲಿ ಮಾತ್ರ ಇಳಿದಿದ್ದರೆ ನಾನು ನನ್ನ ಪಾಠದ ಟಿಪ್ಪಣಿಗಳನ್ನು ತಿದ್ದಿಕೊಳ್ಳಬೇಕಾಗುತ್ತದೆ. ಹೊಟ್ಟೆನೋವಿರುವ ಎಲ್ಲರಲ್ಲೂ, ಎರಡೂ ಕಾಲುಗಳಲ್ಲಿ, ಬಿಂದುವಿನಲ್ಲೂ ಆಚೆಯೂ ಸಮಾನವಾಗಿ ಇಳಿದಿದ್ದರೆ, ಅದು ನೋವಿರುವ ವ್ಯಕ್ತಿಯ ಇಡೀ ಮೈ ಸೂಕ್ಷ್ಮವಾಗಿರುವುದರ ಲಕ್ಷಣ. ಬಿಂದುವಿಗೂ ಅದಕ್ಕೂ ಸಂಬಂಧವಿಲ್ಲ.

ಸೂಜಿಮಲ್ಲಿಗೆ

ಅಳೆಯುವವರಿಗೆ ಬಿಂದುವಿನ ಜಾಗವನ್ನು ಮಿಲಿಮೀಟರಿನಲ್ಲಿ ನಿಗದಿ ಮಾಡಿ ಕೊಡಬೇಡಿ. ಯಾಂಗ್‌ಲಿಂಗ್‌ಚುವಾನ್‌ನಿಂದ ಒಂದರಿಂದ ಎರಡು ಹೆಬ್ಬೆರಳಗಲ ಕೆಳಗಿನ ಪಟ್ಟಿಯಲ್ಲಿ ಅತಿ ಹೆಚ್ಚು ನೋಯುವ ಜಾಗವನ್ನು ಮೊದಲು ಬೆರಳಿನಿಂದ ಹುಡುಕಿ, ಆಮೇಲೆ ಸಾಧನ ಇಡಲಿ. ಹೋಲಿಕೆಯ ಜಾಗದಲ್ಲೂ ಅಷ್ಟೇ ಅಗಲದ ಪಟ್ಟಿಯಲ್ಲಿ ಅಷ್ಟೇ ಹೊತ್ತು ಹುಡುಕಲಿ, ಇಲ್ಲವಾದರೆ ಹುಡುಕಿದ ಕಡೆಯೇ ಹೆಚ್ಚು ನೋವು ಸಿಕ್ಕಿತೆಂದು ಅನುಮಾನಿಯವರು ಮತ್ತೆ ಬರುತ್ತಾರೆ.

ಅನುಮಾನಿ

ಖಂಡಿತ ಬರುತ್ತೇನೆ.